ಯಾವ ಹಳೇ ಕಾರಿಗೆ ಪರಂಪರೆಯ ಪಟ್ಟ?

ಹಳೇ ಕಾರಿನ ಮಾತು ಬಂದರೆ ನಮ್ಮ ಯಲ್ಲದಕೆರೆಯ ಕಟ್ಟೆಯ ಮೇಲಾಗಲಿ ಹಿರಿಯೂರಿನ ಗ್ಯಾರೇಜುಗಳಲ್ಲಾಗಲಿ ಎರಡು ಬಗೆಯ ಅಭಿಪ್ರಾಯ ಕೇಳಿಬರುತ್ತವೆ. ಅದೆಲ್ಲ ರಾಜಮಹಾರಾಜರ ವ್ಯವಹಾರ, ರೋಲ್ಸ್ ರಾಯ್ಸ್ ಇಟ್ಟುಕೊಂಡವರಿಗೆ ಮಾತ್ರ ಸಂಬಂಧಪಟ್ಟದ್ದು ಎನ್ನುವವರು ಕೆಲವರು. ಹಳೇದಾದ ಮೇಲೆ ಎಲ್ಲವೂ ವಿಂಟೇಜೇ, ಶೆಡ್ಡಿನಲ್ಲಿ ಇಟ್ಟಿರು, ಮುಂದೆ ಲಕ್ಷಗಟ್ಟಲೆ ಬೆಲೆ ಬರುತ್ತದೆ ಎನ್ನುವವರು ಇನ್ನು ಕೆಲವರು. ಎರಡೂ ಸರಿಯಲ್ಲ. ಒಂದು ಕಾರು ಪರಂಪರೆಯ ವಸ್ತು ಎಂದು ಅಧಿಕೃತವಾಗಿ ಅನ್ನಿಸಿಕೊಳ್ಳಬೇಕಾದರೆ ಅದಕ್ಕೆ ನಿಯಮ ಇದೆ. ನಮ್ಮ ದೇಶದಲ್ಲೂ ಇದೆ, ಹೊರಗಿನ ದೇಶಗಳಲ್ಲೂ ಇದೆ. ಆದರೆ ಎಲ್ಲ ಕಡೆಯೂ ಒಂದೇ ಅಳತೆಗೋಲು ಇಲ್ಲ. ಒಬ್ಬರು ವಯಸ್ಸು ನೋಡುತ್ತಾರೆ, ಇನ್ನೊಬ್ಬರು ಮನೆತನ ನೋಡುತ್ತಾರೆ, ಮತ್ತೊಬ್ಬರು ಅದನ್ನು ಇಟ್ಟುಕೊಂಡ ರೀತಿ ನೋಡುತ್ತಾರೆ. ಇವುಗಳಲ್ಲಿ ಮೂರನೆಯದೇ ಹೆಚ್ಚು ನ್ಯಾಯವಾದದ್ದು ಎಂಬುದು ನನ್ನ ನಿಲುವು. ಯಾಕೆ ಎಂದು ಈ ಹೊತ್ತು ನಿಮ್ಮ ಮುಂದೆ ಹೇಳಬೇಕು.

ಮೊದಲು ನಮ್ಮ ಸರ್ಕಾರದ ನಿಯಮವನ್ನೇ ನೋಡೋಣ. 2021ರ ಜುಲೈ ತಿಂಗಳಲ್ಲಿ ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ವಿಂಟೇಜ್ ವಾಹನಗಳ ನೋಂದಣಿಗೆ ಬೇರೆಯದೇ ವ್ಯವಸ್ಥೆ ಮಾಡಿತು. ಅದಕ್ಕೂ ಮೊದಲು ಒಂದೊಂದು ರಾಜ್ಯದಲ್ಲಿ ಒಂದೊಂದು ಪದ್ಧತಿ. ಅಜ್ಜನ ಕಾಲದ ಕಾರಿಗೂ ಹೊಸ ಟ್ಯಾಕ್ಸಿಗೂ ಕಚೇರಿಯ ಕಣ್ಣಿನಲ್ಲಿ ಭೇದ ಇರಲಿಲ್ಲ. ಹೊಸ ನಿಯಮದ ಪ್ರಕಾರ, ಮೊದಲ ಮಾರಾಟದ ನಂತರ ಮೊದಲು ನೋಂದಣಿಯಾದ ದಿನದಿಂದ ಲೆಕ್ಕ ಹಾಕಿ 50 ವರ್ಷ ದಾಟಿರಬೇಕು. ಹೊರದೇಶದಿಂದ ತರಿಸಿದ ಗಾಡಿಗೂ ಇದೇ ಲೆಕ್ಕ. ಎರಡನೆಯ ಷರತ್ತು ಇನ್ನೂ ಮುಖ್ಯವಾದದ್ದು. ಗಾಡಿ ತನ್ನ ಮೂಲ ರೂಪದಲ್ಲೇ ಇರಬೇಕು. ಷಾಸಿ, ಬಾಡಿ, ಎಂಜಿನ್ ಇವುಗಳನ್ನು ಮಾರ್ಪಡಿಸುವಂಥ ದೊಡ್ಡ ಬದಲಾವಣೆ ಆಗಿರಬಾರದು.

ಈ ಎರಡು ಷರತ್ತಿಗೆ ಹೊಂದುವ ಗಾಡಿಯನ್ನು ಹೊಸದಾಗಿ ನೋಂದಾಯಿಸಿದರೆ ಅದಕ್ಕೆ ವಿಎ ಎಂಬ ಅಕ್ಷರಗಳಿರುವ ನಂಬರು ಸಿಗುತ್ತದೆ. ಕರ್ನಾಟಕದಲ್ಲಾದರೆ ಮೊದಲು ಕೆಎ, ಆಮೇಲೆ ವಿಎ, ಅದರ ಮುಂದೆ ಎರಡು ಅಕ್ಷರದ ಸರಣಿ, ಕೊನೆಗೆ ನಾಲ್ಕು ಅಂಕಿ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ, ಮತ್ತೆ ನವೀಕರಿಸಲು 5,000 ರೂಪಾಯಿ. ಅರ್ಜಿ ಹಾಕುವುದು ಪರಿವಾಹನ್ ಪೋರ್ಟಲಿನಲ್ಲಿ. ಜೊತೆಗೆ ವಿಮೆ ಬೇಕು. ಹೊರಗಿನಿಂದ ತರಿಸಿದ್ದಾದರೆ ಕಸ್ಟಮ್ಸಿನ ಕಾಗದ ಬೇಕು, ಇಲ್ಲೇ ನೋಂದಣಿಯಾಗಿದ್ದರೆ ಹಳೇ ಆರ್‌ಸಿ ಬುಕ್ ಬೇಕು. ಈಗಾಗಲೇ ನೋಂದಣಿ ಆಗಿರುವ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಈ ಕೊನೆಯ ಅವಕಾಶ ನನಗೆ ಬಹಳ ಮೆಚ್ಚಿಗೆಯಾದದ್ದು. ಹಳೇ ಮೈಸೂರು ರಾಜ್ಯದ ಕಾಲದ, ಎಂ.ವೈ. ಎಂದು ಶುರುವಾಗುವ ನಂಬರ್ ಪ್ಲೇಟು ಆ ಕಾರಿನ ಜಾತಕ ಇದ್ದ ಹಾಗೆ. ಅದನ್ನು ಕಿತ್ತು ಹೊಸದು ಹಾಕಿ ಎಂದಿದ್ದರೆ ಕಾರಿನ ಅರ್ಧ ಇತಿಹಾಸ ಗುಜರಿಗೆ ಹೋಗುತ್ತಿತ್ತು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ವಿಂಟೇಜ್ ಎಂದು ನೋಂದಣಿಯಾದ ಗಾಡಿಯನ್ನು ದಿನಬಳಕೆಗೆ ಓಡಿಸುವ ಹಾಗಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ಹಳೇ ಕಾರುಗಳ ರ‍್ಯಾಲಿ, ಅಲ್ಲಿಗೆ ಹೋಗಿ ಬರುವುದು, ಪೆಟ್ರೋಲ್ ಹಾಕಿಸುವುದು, ರಿಪೇರಿ. ರಸ್ತೆಗೆ ಇಳಿಯಲು ಇಷ್ಟಕ್ಕೇ ಅನುಮತಿ. ಸಂತೆ ದಿನ ಹಿರಿಯೂರಿಗೆ ಹೋಗಿ ಬರಲು, ಮಗಳನ್ನು ಹೊಸದುರ್ಗದ ಗಂಡನ ಮನೆಗೆ ಬಿಟ್ಟು ಬರಲು ಇನ್ನೂ ಆ ಕಾರನ್ನೇ ನೆಚ್ಚಿಕೊಂಡಿದ್ದರೆ ವಿಎ ನಂಬರಿನ ಆಸೆ ಬಿಡುವುದೇ ಒಳ್ಳೆಯದು. ಸಾಮಾನ್ಯ ನೋಂದಣಿಯನ್ನೇ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಹೋಗಬಹುದು.

ಇಲ್ಲಿ ಗಮನಿಸಿ, ನಮ್ಮ ನಿಯಮದಲ್ಲಿ ಐಷಾರಾಮಿ ಎಂಬ ಮಾತೇ ಇಲ್ಲ. ಕಾನೂನಿನ ಮುಂದೆ 1930ರ ರೋಲ್ಸ್ ರಾಯ್ಸ್ ಫ್ಯಾಂಟಮ್ಮೂ ಒಂದೇ, 1970ರ ಮಾರ್ಕ್ 2 ಅಂಬಾಸಿಡರೂ ಒಂದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಅರವತ್ತರ ದಶಕದಲ್ಲಿ ಹೊರಬಂದ ಜಾವಾ ಬೈಕಿಗೂ ಇದೇ ಬಾಗಿಲು ತೆರೆದಿದೆ. ಆದರೆ ಲಾರಿಗೆ ಇಲ್ಲ, ಬಸ್ಸಿಗೆ ಇಲ್ಲ, ಟ್ರಾಕ್ಟರಿಗೂ ಇಲ್ಲ. ದ್ವಿಚಕ್ರ ವಾಹನ ಮತ್ತು ಜನ ಕೂರುವ ಕಾರಿನ ವರ್ಗಕ್ಕೆ ಮಾತ್ರ ಈ ನಿಯಮ ಅನ್ವಯ. ಚಿತ್ರದುರ್ಗ, ದಾವಣಗೆರೆ ಕಡೆಯವರಿಗೆ ಇದು ನೋವಿನ ವಿಷಯ. ಮೂತಿ ಮುಂದಕ್ಕೆ ಚಾಚಿದ ಹಳೇ ಲಾರಿಗಳೂ ಮರದ ಚೌಕಟ್ಟಿನ ಬಾಡಿ ಕಟ್ಟಿಸಿದ ಸರ್ವೀಸ್ ಬಸ್ಸುಗಳೂ ನಮ್ಮ ಬಯಲುಸೀಮೆಯ ಬದುಕಿಗೆ ಕಾರುಗಳಿಗಿಂತ ಹೆಚ್ಚು ಹತ್ತಿರವಾಗಿದ್ದವು. ಶೇಂಗಾ, ಈರುಳ್ಳಿ ಪೇಟೆ ಕಂಡದ್ದು ಅವುಗಳ ಬೆನ್ನೇರಿ. ಅವಕ್ಕೂ ಈ ಬಾಗಿಲು ತೆರೆಯಬೇಕು.

ಈಗ ನಮ್ಮ ನಿಯಮಕ್ಕೆ ಪೂರ್ತಿ ಎದುರಾದ ಇನ್ನೊಂದು ಪದ್ಧತಿಯನ್ನು ನೋಡೋಣ. ಅಮೆರಿಕದಲ್ಲಿ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಅಮೆರಿಕ ಎಂಬ ಸಂಸ್ಥೆ ಇದೆ. ಹುಟ್ಟಿದ್ದು 1952ರಲ್ಲಿ. ಯಾವ ಕಾರು ಪೂರ್ಣ ಕ್ಲಾಸಿಕ್ ಎಂದು ಆ ಕ್ಲಬ್ಬು ತಾನೇ ಪಟ್ಟಿ ಮಾಡಿ ಇಟ್ಟುಕೊಂಡಿದೆ. ಸರ್ಕಾರದ ಆಜ್ಞೆ ಅಲ್ಲದಿದ್ದರೂ ಹರಾಜಿನವರು, ವಿಮೆಯವರು, ಸಂಗ್ರಾಹಕರು ಎಲ್ಲರೂ ಆ ಪಟ್ಟಿಗೆ ಬೆಲೆ ಕೊಡುತ್ತಾರೆ. ಮೊದಲು 1925ರಿಂದ 1942ರವರೆಗಿನ ಕಾರುಗಳನ್ನಷ್ಟೇ ಸೇರಿಸುತ್ತಿದ್ದರು. ಬರಬರುತ್ತಾ ಗಡಿ ಎರಡೂ ಕಡೆಗೆ ಹಿಗ್ಗಿ ಈಗ 1915ರಿಂದ 1948ರವರೆಗೆ ನಿಂತಿದೆ. ಆದರೆ ಆ ಅವಧಿಯಲ್ಲಿ ತಯಾರಾದ ಮಾತ್ರಕ್ಕೆ ಪ್ರವೇಶ ಇಲ್ಲ. ಹೊಸದಾಗಿದ್ದಾಗಲೇ ದುಬಾರಿಯಾಗಿರಬೇಕು, ಅಪರೂಪದ್ದಾಗಿರಬೇಕು, ಎಂಜಿನ್ ದೊಡ್ಡದಾಗಿರಬೇಕು, ಬಾಡಿಯನ್ನು ಬೇರೆ ಕುಶಲಕರ್ಮಿಗಳು ಒಪ್ಪವಾಗಿ ಕಟ್ಟಿರಬೇಕು, ಆ ಕಾಲಕ್ಕೆ ವಿಶೇಷ ಅನ್ನಿಸುವ ಪವರ್ ಬ್ರೇಕು, ಎಲ್ಲ ಕೀಲುಗಳಿಗೂ ಒಮ್ಮೆಲೇ ಎಣ್ಣೆ ಹಾಯಿಸುವ ವ್ಯವಸ್ಥೆ ಮುಂತಾದವು ಇರಬೇಕು. ರೋಲ್ಸ್ ರಾಯ್ಸ್, ಡ್ಯೂಸನ್‌ಬರ್ಗ್, ಹಿಸ್ಪಾನೊ ಸುಯಿಜಾ, ಹದಿನಾರು ಸಿಲಿಂಡರಿನ ಕ್ಯಾಡಿಲಾಕ್ ಇವೆಲ್ಲ ಪಟ್ಟಿಯ ಒಳಗೆ. ಫೋರ್ಡ್ ಮಾಡೆಲ್ ಎ ಹೊರಗೆ, ಷೆವರ್ಲೆ ಹೊರಗೆ.

ಎಷ್ಟು ಕಟ್ಟುನಿಟ್ಟು ಎಂದರೆ, ಒಂದೇ ಕಂಪನಿಯ ಮಕ್ಕಳಲ್ಲೂ ಭೇದ ಮಾಡುತ್ತಾರೆ. ಪ್ಯಾಕರ್ಡ್ ಕಂಪನಿಯ ಹನ್ನೆರಡು ಸಿಲಿಂಡರಿನ ಕಾರಿಗೆ ಪೂರ್ಣ ಕ್ಲಾಸಿಕ್ ಪಟ್ಟ ಉಂಟು. ಆದರೆ ಜಗತ್ತಿನ ಆರ್ಥಿಕ ಕುಸಿತದ ಕಾಲದಲ್ಲಿ, 1935ರಲ್ಲಿ, ಅದೇ ಕಂಪನಿ ಬದುಕಿಕೊಳ್ಳಲೆಂದು ಕಡಿಮೆ ಬೆಲೆಗೆ ತಂದ ಒನ್ ಟ್ವೆಂಟಿ ಕಾರನ್ನು ಸಾಧಾರಣವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬ್ಯೂಕ್ ಕಂಪನಿಯಲ್ಲೂ ಅಷ್ಟೇ, ದೊಡ್ಡದಾದ 90ರ ಸರಣಿಗೆ ಮಾತ್ರ ಮಣೆ. ಆ ಕ್ಲಬ್ಬಿನವರ ಮೇಲೆ ನನಗೆ ಗೌರವ ಇದೆ. ಅವರು ಸಂಘ ಕಟ್ಟಿದಾಗ ಈ ಭಾರಿ ಕಾರುಗಳೆಲ್ಲ ಪೆಟ್ರೋಲ್ ಕುಡಿಯುವ ಹಳೇ ಭೂತಗಳೆಂದು ಮೂಲೆ ಸೇರಿದ್ದವು. ಯುದ್ಧಕಾಲದ ಲೋಹ ಸಂಗ್ರಹದಲ್ಲಿ ಎಷ್ಟೋ ಕಾರುಗಳು ಕರಗಿಹೋಗಿದ್ದವು. ಉಳಿದವನ್ನು ಉಳಿಸಿದ್ದು ಇಂಥ ಹಟವಂತರೇ. ಆದರೂ ಹುಟ್ಟಿದ ಮನೆ ನೋಡಿ ಮರ್ಯಾದೆ ಕೊಡುವ ಅಳತೆಗೋಲು ನಮ್ಮ ನಾಡಿಗೆ ಒಗ್ಗುವುದಿಲ್ಲ ಎಂದೇ ನನ್ನ ಭಾವನೆ. ನಮ್ಮಲ್ಲಿ ಕಾರು ಎನ್ನುವುದೇ ಬಹಳ ಕಾಲ ಐಷಾರಾಮ. ಜನರ ನೆನಪಿನಲ್ಲಿ ಉಳಿದ ಕಾರುಗಳಲ್ಲಿ ಫಿಯೆಟ್ಟೂ ಇದೆ, ಅಂಬಾಸಿಡರೂ ಇದೆ.

ಮೂರನೆಯ ಅಳತೆಗೋಲು ಹಳೇ ವಾಹನಗಳ ಜಾಗತಿಕ ಒಕ್ಕೂಟದ್ದು. 1966ರಲ್ಲಿ ಸ್ಥಾಪನೆಯಾದ, ಎಫ್‌ಐವಿಎ ಎಂದು ಕರೆಯುವ ಈ ಒಕ್ಕೂಟ 30 ವರ್ಷ ತುಂಬಿದರೆ ಸಾಕು ಎನ್ನುತ್ತದೆ. ಅದರ ಜೊತೆಗೆ ಗಾಡಿಯನ್ನು ಚರಿತ್ರೆಗೆ ತಕ್ಕ ಸ್ಥಿತಿಯಲ್ಲಿ ಜೋಪಾನ ಮಾಡಿರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುತ್ತಿರಬಾರದು. ಕಾಲಕ್ಕೆ ತಕ್ಕಂತೆ ವರ್ಗಗಳಿವೆ. 1904ರವರೆಗಿನವು ಒಂದು ವರ್ಗ, 1905ರಿಂದ 1918ರವು ಇನ್ನೊಂದು, 1919ರಿಂದ 1930ರವರೆಗಿನದು ವಿಂಟೇಜ್, 1931ರಿಂದ 1945ರದ್ದು ಅದರ ಮುಂದಿನದು, ಹೀಗೆ. ಜರ್ಮನಿಯವರು ಇದನ್ನೇ ಕಾನೂನಿಗೆ ಇಳಿಸಿದ್ದಾರೆ. ಅಲ್ಲಿ 1997ರಿಂದ, 30 ವರ್ಷ ದಾಟಿದ ಕಾರನ್ನು ಪರಿಣತರು ಪರೀಕ್ಷೆ ಮಾಡಿ, ಮೂಲ ಸ್ಥಿತಿಯಲ್ಲಿದೆ ಎಂದು ಬರೆದುಕೊಟ್ಟರೆ ನಂಬರಿನ ಕೊನೆಗೆ ಎಚ್ ಎಂಬ ಅಕ್ಷರ ಸೇರುತ್ತದೆ. ವಯಸ್ಸು ತುಂಬಿದೆ ಎಂದ ಮಾತ್ರಕ್ಕೆ ಅಕ್ಷರ ಸಿಗುವುದಿಲ್ಲ.

ಈಗ ನಿಜವಾದ ಕಗ್ಗಂಟಿಗೆ ಬರೋಣ. ಮೂಲ ರೂಪ ಎಂದರೆ ಯಾವುದು? ಸಾಮಾನ್ಯ ಕಾರಿನಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ, ಕಾರ್ಖಾನೆಯಿಂದ ಹೇಗೆ ಬಂತೋ ಹಾಗೆ. ಹಳೇ ಐಷಾರಾಮಿ ಕಾರಿನಲ್ಲಿ ಅದು ಅಷ್ಟು ಸುಲಭವಲ್ಲ. ಎರಡನೇ ಮಹಾಯುದ್ಧದ ತನಕ ರೋಲ್ಸ್ ರಾಯ್ಸ್ ಕಂಪನಿ ಪೂರ್ತಿ ಕಾರನ್ನು ಮಾರುತ್ತಿರಲಿಲ್ಲ. ಷಾಸಿ, ಎಂಜಿನ್, ಗೇರ್‌ಬಾಕ್ಸು, ಮುಂದಿನ ರೇಡಿಯೇಟರು ಇಷ್ಟನ್ನು ಕೊಡುತ್ತಿತ್ತು. ಆ ಷಾಸಿಯನ್ನು ಕೊಂಡವರು ಬಾರ್ಕರ್, ಹೂಪರ್, ಪಾರ್ಕ್ ವಾರ್ಡ್, ಥ್ರಪ್ ಅಂಡ್ ಮೇಬರ್ಲಿ ಇಂಥ ಬಾಡಿ ಕಟ್ಟುವವರ ಬಳಿಗೆ ಕಳಿಸಿ ತಮಗೆ ಬೇಕಾದ ರೂಪ ಕೊಡಿಸಿಕೊಳ್ಳುತ್ತಿದ್ದರು. ಸಾರೋಟು ಕಟ್ಟುತ್ತಿದ್ದ ಅನೇಕ ಮನೆತನಗಳು ಕಾರಿನ ಬಾಡಿ ಕಟ್ಟಲು ಇಳಿದಿದ್ದವು. ಹಾಗಾಗಿ ಒಂದೇ ವರ್ಷದ, ಒಂದೇ ಹೆಸರಿನ ಎರಡು ಫ್ಯಾಂಟಮ್ ಕಾರುಗಳು ಪಕ್ಕಪಕ್ಕ ನಿಂತರೂ ಹೋಲಿಕೆ ಇರುತ್ತಿರಲಿಲ್ಲ.

ನಮ್ಮ ದೇಶದ ರಾಜರು ಈ ಅವಕಾಶವನ್ನು ಬಳಸಿಕೊಂಡ ಬಗೆಯೇ ಬೇರೆ. ಬೇಟೆಗೆ ಹೋಗಲು ಕೋವಿ ಇಡುವ ಜಾಗ, ದೊಡ್ಡ ಸರ್ಚ್‌ಲೈಟು ಇರುವ ತೆರೆದ ಕಾರು. ಅಂತಃಪುರದವರಿಗೆ ಪರದೆ ಕಟ್ಟಿದ ಕಾರು. ಮೆರವಣಿಗೆಗೆ ಸಿಂಹಾಸನದಂಥ ಆಸನದ ಕಾರು. ಹೈದರಾಬಾದ್ ನಿಜಾಮರ 1912ರ ಸಿಲ್ವರ್ ಗೋಸ್ಟ್ ಅಂಥದ್ದು, ಬಾಡಿ ಬಾರ್ಕರ್ ಕಂಪನಿಯದು. ರಾಜಕೋಟೆಯ ಠಾಕೂರರ 1934ರ ಫ್ಯಾಂಟಮ್ 2, ಸ್ಟಾರ್ ಆಫ್ ಇಂಡಿಯಾ ಎಂದು ಹೆಸರಾದದ್ದು, ದೇಶ ಬಿಟ್ಟು ಹೋಗಿ ಎಷ್ಟೋ ಕಾಲದ ಮೇಲೆ ಮತ್ತೆ ತವರಿಗೆ ಬಂತು. ಇಂದೋರಿನ ಯಶವಂತರಾವ್ ಹೋಳ್ಕರರು ಡ್ಯೂಸನ್‌ಬರ್ಗ್ ಷಾಸಿಯನ್ನು ಅಮೆರಿಕದಿಂದ ತರಿಸಿ ಇಂಗ್ಲೆಂಡಿನ ಗರ್ನಿ ನಟಿಂಗ್ ಕಂಪನಿಯಲ್ಲಿ ಬಾಡಿ ಕಟ್ಟಿಸಿದ್ದರು. ನಮ್ಮ ಮೈಸೂರು ಅರಮನೆಯಲ್ಲೂ ರೋಲ್ಸ್ ರಾಯ್ಸುಗಳ ಸಾಲೇ ಇತ್ತು. 1971ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ರಾಜಧನ ನಿಂತಿತು. ಅಲ್ಲಿಗೆ ದೇಶದುದ್ದಕ್ಕೂ ಅರಮನೆಗಳ ಕಾರ್ ಷೆಡ್ಡುಗಳು ಖಾಲಿಯಾಗುವ ಕಾಲ ಜೋರಾಯಿತು.

ಈ ಅರಮನೆ ಕಾರುಗಳಲ್ಲಿ ಅನೇಕವು, ಕೆಲವು ಕೈಬದಲಾದ ಮೇಲೆ, ಕೆಲವು ಅದಕ್ಕೂ ಮೊದಲೇ, ಇಲ್ಲೇ ರೂಪ ಬದಲಿಸಿದವು. ಮುಚ್ಚಿದ ಲಿಮೋಸಿನ್ ಬಾಡಿಯನ್ನು ಇಳಿಸಿ ತೆರೆದ ಬಾಡಿ ಏರಿಸಿದ್ದುಂಟು. ನಲವತ್ತರ ದಶಕದಲ್ಲೇ, ಅರಮನೆಯ ವರ್ಕ್‌ಷಾಪಿನಲ್ಲೇ, ಬೇಟೆಗೆಂದು ಹಿಂಭಾಗ ಕತ್ತರಿಸಿ ಮರದ ಬಾಡಿ ಕೂರಿಸಿದ್ದುಂಟು. ನಮ್ಮ ನಿಯಮದ ಅಕ್ಷರ ಹಿಡಿದು ಹೊರಟರೆ ಇವು ಯಾವುವೂ ತೇರ್ಗಡೆ ಆಗುವುದಿಲ್ಲ, ಬಾಡಿ ಮಾರ್ಪಟ್ಟಿದೆಯಲ್ಲ. ನಾನು ಇದನ್ನು ಒಪ್ಪಲಾರೆ. ಕಾರು ಇನ್ನೂ ಕಾರಾಗಿ ದುಡಿಯುತ್ತಿದ್ದ ಕಾಲದಲ್ಲಿ, ಅದರ ಒಡೆಯ ತನ್ನ ಅಗತ್ಯಕ್ಕೆ ಮಾಡಿಸಿದ ಬದಲಾವಣೆಯೂ ಅದರ ಚರಿತ್ರೆಯೇ. ಮೊನ್ನೆ ಮೊನ್ನೆ, ಹರಾಜಿನಲ್ಲಿ ಬೆಲೆ ಹೆಚ್ಚಲಿ ಎಂದು ಮಾಡಿಸಿದ ಬದಲಾವಣೆ ಮೋಸ. ಈ ಎರಡನ್ನೂ ಬೇರೆ ಮಾಡಿ ನೋಡುವುದು ಕಷ್ಟವಲ್ಲ. ಹಳೇ ಫೋಟೋ, ಅರಮನೆಯ ಲೆಕ್ಕದ ಪುಸ್ತಕ, ಬಾಡಿ ಕಟ್ಟಿದವರ ತಗಡಿನ ಬಿಲ್ಲೆ, ಮರದ ವಯಸ್ಸು ಇವೆಲ್ಲ ಸಾಕ್ಷಿ ಹೇಳುತ್ತವೆ. 2012ರಲ್ಲಿ ಎಫ್‌ಐವಿಎ ಒಕ್ಕೂಟ ಟ್ಯೂರಿನ್ ಸನ್ನದು ಎಂಬ ದಾಖಲೆಯನ್ನು ಒಪ್ಪಿಕೊಂಡಿತು. ಹಳೆಯದನ್ನು ಇರುವಂತೆ ಕಾಪಾಡುವುದಕ್ಕೆ ಅಲ್ಲಿ ಮೊದಲ ಮಣೆ. ಭಾಗ ಬದಲಿಸಲೇಬೇಕಾದರೆ ಅದು ಹೊಸದು ಎಂದು ಗೊತ್ತಾಗುವಂತೆ, ಕಣ್ಣಿಗೆ ರಾಚದ ಹಾಗೆ, ಗುರುತು ಹಾಕಿಡಬೇಕು ಎನ್ನುತ್ತದೆ ಆ ಸನ್ನದು. ನಮ್ಮ ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರರ ಕೈಯಲ್ಲೂ ಇಂಥ ಒಂದು ಮಾರ್ಗಸೂಚಿ ಇರಬೇಕು.

ಹಾಗೆಂದು ರಿಪೇರಿಯೇ ತಪ್ಪು ಎಂದು ಯಾರೂ ಹೆದರಬೇಕಾಗಿಲ್ಲ. ನಮ್ಮ ಮಾರಿಕಣಿವೆಯ ವಾಣಿವಿಲಾಸ ಸಾಗರದ ಅಣೆಯನ್ನೇ ನೋಡಿ, ಅದನ್ನು ಕಟ್ಟಿ ಮುಗಿಸಿದ್ದು 1907ರಲ್ಲಿ. ರೋಲ್ಸ್ ರಾಯ್ಸ್ ಸಿಲ್ವರ್ ಗೋಸ್ಟ್ ಸುಮಾರು 15,000 ಮೈಲಿ ಓಡಿ ಹೆಸರು ಮಾಡಿದ್ದೂ ಅದೇ ವರ್ಷ. 2022ರಲ್ಲಿ 89 ವರ್ಷದ ಮೇಲೆ ಆ ಅಣೆ ಕೋಡಿ ಬಿದ್ದಾಗ ನಾವೆಲ್ಲ ಹೋಗಿ ನೋಡಿದೆವಲ್ಲ, ಅದು ಹಳೆಯ ಅಣೆಯೇ. ತೂಬಿನ ಬಾಗಿಲು ಬದಲಾಯಿಸಿದರೆ, ಗಾರೆ ಬಿರುಕು ಮುಚ್ಚಿದರೆ ಅದು ಹೊಸ ಅಣೆ ಆಗುವುದಿಲ್ಲ. ಗೋಡೆಯನ್ನೇ ಒಡೆದು ಕಾಂಕ್ರೀಟಿನಲ್ಲಿ ಕಟ್ಟಿದರೆ ಆಗುತ್ತದೆ. ಕಾರಿನ ವಿಷಯವೂ ಹಾಗೇ. ಬೋರ್ ಮಾಡಿಸಿ ಪಿಸ್ಟನ್, ರಿಂಗು ಹಾಕಿಸಿದರೆ, ಟೈರು, ಬ್ಯಾಟರಿ, ವೈರಿಂಗ್, ಕ್ಲಚ್ ಪ್ಲೇಟು ಬದಲಿಸಿದರೆ ಮೂಲ ರೂಪಕ್ಕೆ ಭಂಗ ಬರುವುದಿಲ್ಲ ಎಂದೇ ನಾನು ನಿಯಮವನ್ನು ಓದಿಕೊಳ್ಳುತ್ತೇನೆ. ಎಂಜಿನ್ನನ್ನೇ ಎತ್ತಿ ಬೇರೆಯದನ್ನು ಇಳಿಸಿದರೆ ಕಥೆ ಮುಗಿಯಿತು.

ನಮ್ಮ ಸೀಮೆಯಲ್ಲಿ ಅತಿ ಹೆಚ್ಚು ಆಗಿರುವ ಅನಾಹುತವೂ ಅದೇ. ಇಂಥ ಮಾತುಕತೆ ನಮ್ಮ ಗ್ಯಾರೇಜುಗಳಲ್ಲಿ ಹೊಸದಲ್ಲ.

‘ಅಣ್ಣಾ, ನಮ್ಮ ತಾತಂದು ಅಂಬಾಸಿಡರ್ ಐತೆ, ಎಪ್ಪತ್ತೆರಡರದ್ದು. ವಿಂಟೇಜ್ ನಂಬರ್ ಆಗ್ತತಾ?’

‘ಒಳಗೆ ಎಂಜಿನ್ ಯಾವ್ದಪ್ಪಾ?’

‘ಡೀಸೆಲ್ ಹಾಕ್ಸಿದ್ರಣ್ಣ ಆಗ್ಲೇ. ಪೆಟ್ರೋಲ್ ರೇಟು ತಡಿಯಾಕೆ ಆಗ್ಲಿಲ್ವಂತೆ.’

‘ಹಳೇ ಎಂಜಿನ್ನು?’

‘ತೂಕಕ್ಕೆ ಹಾಕಿದ್ರು.’

ಅಂಬಾಸಿಡರಿಗೆ ಕಾರ್ಖಾನೆಯೇ ಡೀಸೆಲ್ ಎಂಜಿನ್ ಹಾಕಿ ಕೊಡಲು ಆರಂಭಿಸಿದ್ದು ಮಾರ್ಕ್ 4 ಬಂದ ಮೇಲೆ, ಎಂಬತ್ತರ ದಶಕದ ಹೊಸ್ತಿಲಲ್ಲಿ. ಆದ್ದರಿಂದ 1972ರ ಕಾರಿನಲ್ಲಿ ಡೀಸೆಲ್ ಎಂಜಿನ್ ಕಂಡರೆ ಅದು ಆಮೇಲೆ ಸೇರಿದ್ದು ಎಂದು ಯಾರಿಗಾದರೂ ತಿಳಿಯುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಆದದ್ದು ಅಮೆರಿಕದ ದೊಡ್ಡ ಕಾರುಗಳಿಗೆ. ಪ್ಲೈಮೌತ್, ಡಾಡ್ಜ್, ಡಿ ಸೋಟೊ ಇವನ್ನು ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಜೋಡಿಸಿ ಮಾರಲು ತೊಡಗಿತ್ತು. ಎಂಟು ಹತ್ತು ಜನ ಕೂರುವಷ್ಟು ಅಗಲ, ಹಳ್ಳ ದಿಣ್ಣೆಗೆ ಜಗ್ಗದ ಷಾಸಿ. ಜಮೀನ್ದಾರರ ಮನೆಯಿಂದ ಅವು ಟ್ಯಾಕ್ಸಿಗೆ ಇಳಿದವು. ಟ್ಯಾಕ್ಸಿಯ ಹೊಟ್ಟೆಪಾಡಿಗೆ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ದುಬಾರಿಯಾಯಿತು, ಅದರ ಜಾಗಕ್ಕೆ ಪರ್ಕಿನ್ಸ್ ಡೀಸೆಲ್ ಎಂಜಿನ್ ಬಂತು. ಹಾಗೆ ಮಾಡಿದ ಡ್ರೈವರುಗಳನ್ನು ನಾನು ದೂರುವುದಿಲ್ಲ, ಅವರು ಸಂಸಾರ ಸಾಕಿದರು. ಆದರೆ ಆ ಕಾರುಗಳು ಇಂದು ಕಾನೂನಿನ ಮುಂದೆ ಪಟ್ಟ ಕೇಳುವ ಹಾಗಿಲ್ಲ. ಕೆಟ್ಟದ್ದು ಡೀಸೆಲ್ ಹಾಕಿಸಿದ್ದಲ್ಲ, ಬಿಚ್ಚಿದ ಹಳೇ ಎಂಜಿನ್ನನ್ನು ತೂಕಕ್ಕೆ ಹಾಕಿದ್ದು. ಮೂಲ ಎಂಜಿನ್ ಎಲ್ಲಾದರೂ ಹಿತ್ತಲಲ್ಲಿ, ಕಣದ ಮೂಲೆಯಲ್ಲಿ ಬಿದ್ದಿದ್ದರೆ ದಯವಿಟ್ಟು ಅದನ್ನು ಬಿಡಬೇಡಿ. ಅದರ ನಂಬರು ಆರ್‌ಸಿ ಬುಕ್ಕಿನ ನಂಬರಿಗೆ ಹೊಂದಿದರೆ ಕಾರಿಗೆ ಮತ್ತೆ ಜೀವ ಬರುವ ದಾರಿ ಉಂಟು.

ಇಲ್ಲೊಂದು ಪ್ರಾಸಂಗಿಕ ಮಾತು. ಐಷಾರಾಮಿ ಕಾರೆಂದರೆ ಹಡಗಿನಲ್ಲಿ ಬಂದದ್ದು ಎಂದೇ ನಮ್ಮ ಹಿರಿಯರು ತಿಳಿದಿದ್ದರು. ಬೇರೆ ದಾರಿಯೂ ಇರಲಿಲ್ಲ. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಜೋಡಣೆ ಆರಂಭಿಸಿತಾದರೂ ಭಾಗಗಳೆಲ್ಲ ಹೊರಗಿನವೇ. ಸರ್ ಎಂ. ವಿಶ್ವೇಶ್ವರಯ್ಯನವರು ಮೂವತ್ತರ ದಶಕದಲ್ಲಿ ಯೂರೋಪು, ಅಮೆರಿಕಗಳನ್ನು ಸುತ್ತಿ, ಮೋಟಾರು ಕಾರ್ಖಾನೆಗೆ ಯೋಜನೆ ಸಿದ್ಧಪಡಿಸಿ, ವಾಲ್‌ಚಂದ್ ಹೀರಾಚಂದರ ಜೊತೆ ಸೇರಿ ಪ್ರಯತ್ನಪಟ್ಟರು. ಮೈಸೂರು ಸಂಸ್ಥಾನ ಕೈಜೋಡಿಸಲು ಮುಂದಾದರೂ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅದು ಆಗಿದ್ದಿದ್ದರೆ ಇಂದು ವಿಂಟೇಜ್ ಪಟ್ಟ ಕೇಳುವ ಸಾಲಿನಲ್ಲಿ ಮೈಸೂರು ಸಂಸ್ಥಾನದ್ದೇ ಒಂದು ಕಾರು ಇರುತ್ತಿತ್ತು.

ಕರ್ನಾಟಕದಲ್ಲಿ ಹಳೇ ಕಾರುಗಳನ್ನು ಕಣ್ಣಾರೆ ನೋಡಬೇಕು ಎನ್ನುವವರಿಗೆ ಎರಡು ಜಾಗ ಹೇಳುತ್ತೇನೆ. ಧರ್ಮಸ್ಥಳಕ್ಕೆ ಹೋದವರು ಮಂಜುನಾಥನ ದರ್ಶನ ಮುಗಿಸಿ ಅಲ್ಲಿನ ಕಾರ್ ಮ್ಯೂಸಿಯಂ ನೋಡದೆ ಬರಬೇಡಿ. ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರು ದಶಕಗಳಿಂದ ಕೂಡಿಸಿದ ಸಂಗ್ರಹ ಅದು. ಅವರದೇ ಮುತುವರ್ಜಿಯಿಂದ ಶ್ರೀರಂಗಪಟ್ಟಣದ ಬಳಿ, ಬೆಂಗಳೂರು ಮೈಸೂರು ಹೆದ್ದಾರಿಗೆ ಹೊಂದಿಕೊಂಡು, ‘ಪಯಣ’ ಎಂಬ ಇನ್ನೊಂದು ಮ್ಯೂಸಿಯಂ ಆಗಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಬಾನೆಟ್ಟಿನ ಮೇಲಿನ ಬೊಂಬೆಯನ್ನಷ್ಟೇ ನೋಡಿ ಬಂದರಾಗದು. ಬಾಗಿಲಿನ ಹಿಡಿ, ಚರ್ಮದ ಸೀಟಿನ ಹೊಲಿಗೆ, ಡ್ಯಾಶ್‌ಬೋರ್ಡಿನ ಮರದ ಗೆರೆ ಇವನ್ನು ನಿಧಾನವಾಗಿ ನೋಡಲು ಹೇಳಿ. ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಕೂಡ ಇದೆ. ಇಂಥ ಸಂಘಗಳವರಿಗೆ ಹಳೇ ಬಿಡಿಭಾಗ ಎಲ್ಲಿ ಸಿಗುತ್ತದೆ, ಯಾರ ಲೇತಿನಲ್ಲಿ ಕೆಲಸ ಚೆನ್ನಾಗಿ ಆಗುತ್ತದೆ ಎಂಬುದೆಲ್ಲ ತಿಳಿದಿರುತ್ತದೆ.

ಇನ್ನೊಂದು ತೊಡಕು 50ಕ್ಕೂ 30ಕ್ಕೂ ನಡುವಿನ ಅಂತರದ್ದು. ಜಗತ್ತಿನ ಒಕ್ಕೂಟ 30 ವರ್ಷಕ್ಕೇ ಚಾರಿತ್ರಿಕ ಎಂದು ಒಪ್ಪುವ ಕಾರು ನಮ್ಮಲ್ಲಿ ಇನ್ನೂ 20 ವರ್ಷ ಅನಾಥ. 1984ರಲ್ಲಿ ಬಂದ ಹಿಂದೂಸ್ತಾನ್ ಕಾಂಟೆಸಾವನ್ನೇ ನೋಡಿ. ಆ ಕಾಲದ ನಮ್ಮ ದೇಶದ ದೊಡ್ಡಸ್ತಿಕೆಯ ಕಾರು ಅದು, ಮಂತ್ರಿಗಳಿಂದ ಅಡಕೆ ಮಂಡಿಯ ಸಾಹುಕಾರರವರೆಗೆ ಎಲ್ಲರ ಕಣ್ಣೂ ಅದರ ಮೇಲೆ. 1985ರ ಸ್ಟ್ಯಾಂಡರ್ಡ್ 2000, 1979ರಿಂದ 1991ರವರೆಗೆ ಬಂದ ಮರ್ಸಿಡಿಸ್ ಡಬ್ಲ್ಯೂ 126 ಇವೂ ಅದೇ ಸಾಲಿನವು. ವಿಂಟೇಜ್ ಪಟ್ಟ ಇವಕ್ಕೆ ಸದ್ಯಕ್ಕಿಲ್ಲ. ನವೀಕರಣದ ಶುಲ್ಕ ಮಾತ್ರ ಏರುತ್ತಿದೆ. 2022ರ ಏಪ್ರಿಲಿನಿಂದ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 5,000 ರೂಪಾಯಿ, ಆಮದಾದ ಕಾರಿಗೆ 40,000 ಎಂದಾಯಿತು. 2025ರಲ್ಲಿ, 20 ವರ್ಷ ದಾಟಿದವಕ್ಕೆ ಅದು 10,000 ಮತ್ತು 80,000ಕ್ಕೆ ಏರಿತು. ಹೊಗೆ ಉಗುಳುವ ಹಳೇ ಗಾಡಿಗಳು ರಸ್ತೆಯಿಂದ ಇಳಿಯಲಿ ಎಂಬ ಉದ್ದೇಶ ಸರಿಯಾದದ್ದೇ. ಆದರೆ ವರ್ಷಕ್ಕೆ ನಾಲ್ಕು ಸಲ ಷೆಡ್ಡಿನಿಂದ ಹೊರಬರುವ, ಒಪ್ಪವಾಗಿ ಇಟ್ಟ ಕಾರು ಊರಿನ ಗಾಳಿ ಕೆಡಿಸುವುದಿಲ್ಲ. ಈಗ ಗುಜರಿಗೆ ಹೋದ ಕಾಂಟೆಸಾ 2034ರಲ್ಲಿ 50 ತುಂಬಿತು ಎಂದು ಎದ್ದು ಬರುವುದಿಲ್ಲ. ಜರ್ಮನಿಯ ಹಾಗೆ 30 ವರ್ಷಕ್ಕೆ ಪರೀಕ್ಷೆ ಇಟ್ಟು, ತೇರ್ಗಡೆಯಾದವಕ್ಕೆ ನಡುವಿನ ಒಂದು ಮನ್ನಣೆ ಕೊಡಬೇಕು. ಬಳಕೆಯ ಮಿತಿ ಬೇಕಾದರೆ ವಿಂಟೇಜಿನಷ್ಟೇ ಬಿಗಿಯಾಗಿರಲಿ.

ಕೊನೆಯದಾಗಿ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಕಡೆ ಯಾರ ಮನೆಯಲ್ಲಾದರೂ ಹಳೇ ಕಾರು ಇದ್ದರೆ ಅವರಿಗೆ ಕೆಲವು ಮಾತು. ಟಿಂಕರಿಂಗಿಗೆ ಬಿಡುವ ಮುಂಚೆ ಕಾಗದ ಹುಡುಕಿ. ಆರ್‌ಸಿ ಬುಕ್ಕು, ಹಳೇ ತೆರಿಗೆ ರಶೀದಿ, ವಿಮೆ ಚೀಟಿ, ತಾತನ ಮದುವೆಯಲ್ಲೋ ಜಾತ್ರೆಯಲ್ಲೋ ಕಾರಿನ ಜೊತೆ ನಿಂತು ತೆಗೆಸಿದ ಫೋಟೋ, ಎಲ್ಲವನ್ನೂ ಒಂದೇ ಕಡೆ ಇಡಿ. ಷಾಸಿ ನಂಬರು, ಎಂಜಿನ್ ನಂಬರು ಇರುವ ಜಾಗವನ್ನು ಉಪ್ಪು ಕಾಗದದಿಂದ ಉಜ್ಜಬೇಡಿ, ಅಂಕಿ ಅಳಿದರೆ ಮತ್ತೆ ಬರುವುದಿಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ತೀಡಿ ಅಚ್ಚು ತೆಗೆದುಕೊಳ್ಳಿ. ಹೊಳೆಯುವ ಹೊಸ ಬಣ್ಣ ಬಳಿಸುವ ಆತುರ ಬೇಡ. ಬಾಗಿಲಿನ ಒಳಮೈಯಲ್ಲಿ, ಡಿಕ್ಕಿಯ ಚಾಪೆಯ ಅಡಿಯಲ್ಲಿ ಮೊದಲ ಬಣ್ಣ ಉಳಿದಿರುತ್ತದೆ. ಅದನ್ನು ಹಾಗೇ ಬಿಟ್ಟು, ಅದಕ್ಕೆ ಹೊಂದಿಸಿ ಬಣ್ಣ ಕಲೆಸಲು ಹೇಳಿ. ತೆಗೆದ ಪ್ರತಿಯೊಂದು ಭಾಗವನ್ನೂ, ಒಡೆದದ್ದಾದರೂ ಸರಿ, ಮೆಕ್ಯಾನಿಕ್‌ನಿಂದ ವಾಪಸು ಕೇಳಿ ಇಟ್ಟುಕೊಳ್ಳಿ.

ಸಾರಿಗೆ ಇಲಾಖೆಯವರಲ್ಲೂ ಒಂದು ಬಿನ್ನಹ. ಈ ಪಟ್ಟಕ್ಕೆ ಆಧಾರವೇ ಮೊದಲ ನೋಂದಣಿಯ ದಿನಾಂಕ. ಕೆಎ 16 ಎಂಬ ನಂಬರು ಬರುವುದಕ್ಕೂ ಮುಂಚಿನ, ಮೈಸೂರು ರಾಜ್ಯದ ಕಾಲದ ನೋಂದಣಿ ಪುಸ್ತಕಗಳು ಯಾವ ಕಚೇರಿಯ ಯಾವ ಕಪಾಟಿನಲ್ಲಿ ಉಳಿದಿದ್ದರೂ ಅವನ್ನು ಗೆದ್ದಲು ತಿನ್ನುವ ಮುಂಚೆ ಸ್ಕ್ಯಾನ್ ಮಾಡಿಸಿ, ಜಿಲ್ಲಾವಾರು ಪಟ್ಟಿ ಮಾಡಿಸಿ, ಕೇಳಿದವರಿಗೆ ನಕಲು ಕೊಡುವ ವ್ಯವಸ್ಥೆ ಮಾಡಬೇಕು. ಆರ್‌ಸಿ ಬುಕ್ಕು ಕಳೆದುಕೊಂಡ ಮನೆಗಳವರಿಗೆ ತಮ್ಮ ಕಾರಿನ ವಯಸ್ಸನ್ನು ಸಾಬೀತು ಮಾಡಲು ಆ ಪುಸ್ತಕದ ಒಂದು ಸಾಲಿಗಿಂತ ಗಟ್ಟಿ ಆಧಾರ ಇನ್ನೊಂದು ಸಿಗದು.